ಕೆರೆಗೆ ಹಾಕಿದ ಮದ್ದು

ನುಗ್ಗೇಹಳ್ಳಿಯಿಂದ ಒಳದಾರಿಯಲ್ಲಿ ಹೋದರೆ ಸಿಗುವ ಆ ಊರಿನಲ್ಲಿ ಹಾಲಿನ ವಿಷಯಕ್ಕೆ ಗಂಗಾಂಬಿಕೆಯ ಮಾತೇ ಕೊನೆಯ ಮಾತು. ಮನೆಯಲ್ಲಿ ನಾಲ್ಕು ಸೀಮೆಹಸು. ಕರೆಯುವಾಗ ಒಂದು ಹನಿ ನೆಲಕ್ಕೆ ಬಿದ್ದರೂ ಬೆರಳಿನಿಂದ ಒರೆಸಿ ಕಣ್ಣಿಗೆ ಒತ್ತಿಕೊಳ್ಳುವಳು. ಹಾಲು ತುಳಿದ ಮನೆಯಲ್ಲಿ ಕೆಚ್ಚಲು ಬತ್ತುತ್ತದೆ ಎಂದು ಅವಳಿಗೆ ಅತ್ತೆ ಹೇಳಿಕೊಟ್ಟಿದ್ದಳು. ಅದನ್ನು ಅವಳು ಸೊಸೆ ಯಶಸ್ವಿನಿಗೂ ದಾಟಿಸಿದ್ದಳು.

ಸೀಮೆಹಸು ಸಾಕಿದವರಿಗೆ ಕೆಚ್ಚಲು ಬಾವು ತಪ್ಪಿದ್ದಲ್ಲ. ಬಾವು ಬಂದರೆ ಸೂಜಿ. ಸೂಜಿ ಹಾಕಿಸಿದರೆ ಕೆಲವು ದಿನ ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ. ಕೆಲವರು ಒಳ್ಳೆಯ ಹಾಲಿನ ಜೊತೆ ಸ್ವಲ್ಪ ಸ್ವಲ್ಪವೇ ಸೇರಿಸಿ ದಾಟಿಸುತ್ತಿದ್ದರು. ಗಂಗಾಂಬಿಕೆ ಒಂದು ಲೋಟ ಕೂಡ ಸೇರಿಸಿದವಳಲ್ಲ. ಯಾರದೋ ಮಕ್ಕಳು ಕುಡಿಯುವ ಹಾಲು. ಹಾಗಾದರೆ ಆ ಹಾಲನ್ನು ಏನು ಮಾಡುವುದು? ಕರುವಿಗೆ ಕೊಡಬಾರದು. ನಾಯಿಗೆ ಹಾಕಲು ಮನಸ್ಸಿಲ್ಲ. ಚರಂಡಿಗೆ ಚೆಲ್ಲುವ ಮಾತು ಬಾಯಲ್ಲಿ ಆಡುವಂತಿಲ್ಲ. ಆದ್ದರಿಂದ ಬಕೆಟ್ಟಿಗೆ ಬಟ್ಟೆ ಮುಚ್ಚಿ ಕೆರೆಯ ತೂಬಿನ ಬಳಿಗೆ ಒಯ್ದು, ಮೆಟ್ಟಿಲ ಮೇಲೆ ಕೂತು, "ನೀನೇ ಇಟ್ಕೊ ನನ್ನವ್ವ" ಎಂದು ನಿಧಾನವಾಗಿ ನೀರಿಗೆ ಬಿಡುವಳು.

ಒಳ್ಳೆಯ ನಡತೆ ಬೇಗ ಹರಡುವುದಿಲ್ಲ ಎನ್ನುತ್ತಾರೆ. ಇದು ಹರಡಿತು. ಹಾಲು ಬೆರೆಸುತ್ತಿದ್ದ ಹೆಂಗಸರೂ ನಾಚಿಕೊಂಡು ಕೆರೆಗೆ ಬಿಡತೊಡಗಿದರು. ಹೇಮಾವತಿ ನಾಲೆಯ ನೀರು ಬಂದ ಮೇಲೆ ಊರಿನಲ್ಲಿ ಹಸುಗಳು ಹೆಚ್ಚಾಗಿದ್ದವು. ಜೊತೆಗೆ ಬಾವು ಹೆಚ್ಚಾಯಿತು; ಬೈಕಿನಲ್ಲಿ ಬಂದು, ಹಸುವನ್ನು ಸರಿಯಾಗಿ ನೋಡದೆ ಸೂಜಿ ಚುಚ್ಚಿ ಹೋಗುವವರೂ ಹೆಚ್ಚಾದರು. ಬೆಳಗಿನ ಹೊತ್ತು ತೂಬಿನ ಸುತ್ತ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿರುತ್ತಿತ್ತು. ಯಾರಿಗೂ ಅದು ಕೊಳಕು ಎನಿಸಲಿಲ್ಲ. ಹಾಲಲ್ಲವೇ!

ಕಾರ್ತಿಕ ಮಾಸದಲ್ಲಿ ಅವಳ ಮಗ ಸಿದ್ದೇಶ್ವರ, ಮೋಟಾರಿನ ಪೈಪಿಗೆ ಸುತ್ತಿಕೊಂಡಿದ್ದ ಅಂತರಗಂಗೆ ಕಳೆಯ ಬೇರು ಬಿಡಿಸಲು ಕೆರೆಗಿಳಿದ. ಕೆಸರಿನಲ್ಲಿದ್ದ ಕಪ್ಪೆಚಿಪ್ಪು ಅಂಗಾಲನ್ನು ಸೀಳಿತು. ಅರಿಸಿನ ಮೆತ್ತಿಕೊಂಡ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದ. ನೋವು ಕಡಿಮೆಯಾದ ಕೂಡಲೇ ಉಳಿದ ಮಾತ್ರೆಗಳನ್ನು ಗೂಡಿನಲ್ಲಿಟ್ಟು ಮರೆತ. ವಾರ ಕಳೆಯುವುದರೊಳಗೆ ಪಾದ ಊದಿ ಕಪ್ಪಾಯಿತು. ಚನ್ನರಾಯಪಟ್ಟಣದಲ್ಲಿ ತೋರಿಸಿದರು. ಅಲ್ಲಿ ಕೊಟ್ಟ ಔಷಧಿ ನಾಟಲಿಲ್ಲ. ಹಾಸನದ ಆಸ್ಪತ್ರೆಗೆ ಸೇರಿಸಿದರು. ಯಶಸ್ವಿನಿ ಗಂಡನ ಜೊತೆ ಅಲ್ಲೇ ಉಳಿದಳು. ಹಸುಗಳನ್ನು ಬಿಟ್ಟು ಹೋಗುವಂತಿಲ್ಲದ್ದರಿಂದ ಗಂಗಾಂಬಿಕೆ ಊರಿನಲ್ಲಿ ಉಳಿದಳು.

ಅದೇ ಹೊತ್ತಿಗೆ ಕಂದು ಹಸುವಿಗೆ ಬಾವು ಬಂತು. ಬೈಕಿನವನೊಬ್ಬ ಎರಡು ದಿನ ಸೂಜಿ ಚುಚ್ಚಿದರೂ ಇಳಿಯಲಿಲ್ಲ. ನೋಡಲು ಬಂದವಳು ಪಶುವೈದ್ಯೆ ದೀಪಶ್ರೀ. ಸುಳ್ಯದ ಕಡೆಯವಳು, ಈ ಸೀಮೆಗೆ ಹೊಸಬಳು. ಕೆಚ್ಚಲು ಮುಟ್ಟಿ ನೋಡಿ, ಹಾಲು ಹಿಂಡಿ ಪರೀಕ್ಷಿಸಿ, ಸೂಜಿ ಹಾಕಿ ಕೈ ತೊಳೆಯುತ್ತಿರುವಾಗ, ಗಂಗಾಂಬಿಕೆ ಬಟ್ಟೆ ಮುಚ್ಚಿದ ಬಕೆಟ್ಟು ಎತ್ತಿಕೊಂಡು ಹೊರಟದ್ದು ಅವಳ ಕಣ್ಣಿಗೆ ಬಿತ್ತು.

"ಆ ಹಾಲನ್ನ ಎಲ್ಲಿಗೆ ತಗೊಂಡು ಹೋಗ್ತೀರಿ ಅಮ್ಮ?"

"ಕೆರೆಗೆ. ಇನ್ನೆಲ್ಲಿಗೆ?"

"ಅಯ್ಯೋ, ಎಂತ ಕೆಲಸ ಮಾರಾಯ್ರೇ! ಅದರಲ್ಲಿ ನಿನ್ನೆ ಮೊನ್ನೆ ಹಾಕಿದ ಸೂಜಿಯದ್ದೆಲ್ಲ ಉಂಟು. ನೀವು ದಿನಾ ಕೆರೆಗೆ ಮದ್ದು ಹಾಕಿದ ಹಾಗಾಯ್ತಲ್ಲ!"

ಬೇಲಿಯಾಚೆ ಹುಲ್ಲು ಕೊಡವುತ್ತಿದ್ದ ಪಕ್ಕದ ಮನೆಯ ಜಯಲಕ್ಷ್ಮಮ್ಮನ ಕೈ ಅಲ್ಲೇ ನಿಂತಿತು.

ದೀಪಶ್ರೀಯ ಊರಿನಲ್ಲಿ ಮದ್ದು ಎಂದರೆ ಔಷಧಿ, ಅಷ್ಟೇ. ಇಲ್ಲಿ 'ಮದ್ದು ಹಾಕಿದಳು' ಎಂದರೆ ಬೇರೆ. ಊಟದಲ್ಲಿ, ಹೆಚ್ಚಾಗಿ ಹಾಲಿನಲ್ಲಿ, ಏನನ್ನೋ ಬೆರೆಸಿ ಮನುಷ್ಯರನ್ನು ಒಳಗೊಳಗೇ ಕೊರಗಿಸುವುದು. ಆ ಮಾತು ಅಂಟಿಕೊಂಡ ಮನೆಯಲ್ಲಿ ಜನ ನೀರು ಕೂಡ ಮುಟ್ಟುವುದಿಲ್ಲ.

"ಏನಂದೆವ್ವಾ? ನಾನು ಮದ್ದು ಆಕೋಳಾ? ನನ್ನ ಬಾಗ್ಲಲ್ಲಿ ನಿಂತ್ಕಂಡು ಈ ಮಾತಾ?" ಗಂಗಾಂಬಿಕೆ ಬಕೆಟ್ಟು ಕೆಳಗಿಟ್ಟು ಎದುರು ನಿಂತಳು.

ದೀಪಶ್ರೀಗೆ ತಾನೇನು ಅಂದೆ ಎಂಬುದೇ ತಿಳಿಯಲಿಲ್ಲ. ಅದು ಗಂಗಾಂಬಿಕೆಗೆ ಬೈಗುಳವಾಗಿ ಕೇಳಿಸಿದೆ ಎಂದು ಮಾತ್ರ ತಿಳಿಯಿತು. ಆದರೂ ಹೇಳಬೇಕಾದ್ದನ್ನು ಹೇಳಿಯೇ ಹೋದಳು. ಔಷಧಿ ಕಮ್ಮಿ ಕಮ್ಮಿಯಾಗಿ ನೀರಿಗೆ ಸೇರಿದರೆ ಅಲ್ಲಿನ ರೋಗದ ಕ್ರಿಮಿ ಸಾಯುವುದಿಲ್ಲ, ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಅದೇ ಔಷಧಿ ಮನುಷ್ಯರಿಗೂ ನಾಟುವುದಿಲ್ಲ. ಕೆರೆಯಿಂದ ದೂರದಲ್ಲಿ ಗುಂಡಿ ತೋಡಿ, ಹಾಲು ಸುರಿದು, ಸುಣ್ಣ ಹಾಕಿ ಮಣ್ಣು ಮುಚ್ಚಬೇಕು.

ಅವಳ ಸ್ಕೂಟರು ಮರೆಯಾಗುತ್ತಲೇ ಜಯಲಕ್ಷ್ಮಮ್ಮ ಬೇಲಿ ದಾಟಿ ಬಂದಳು.

"ಗುಂಡಿ ತೆಗ್ದು ಹಾಲು ಉಯ್ಬೇಕಂತೆ! ಕೇಳುಸ್ಕಂಡ್ಯಾ ಗಂಗಕ್ಕ? ಮಗ ಆಸ್ಪತ್ರೇಲಿ ಮಲಗವ್ನೆ. ಇಂಥಾ ಹೊತ್ನಲ್ಲಿ ಮಣ್ಣಿಗೆ ಹಾಲು ಉಯ್ಯಾದು ಅಂದ್ರೆ... ನನ್ನ ಬಾಯಲ್ಲಿ ಯಾಕ್ ಯೋಳುಸ್ತೀಯ, ಹಾಲುತುಪ್ಪ ಬಿಟ್ಟಂಗೆ ಅಲ್ವಾ?"

ಸತ್ತವರನ್ನು ಹೂಳಿದ ಮೇಲೆ ಗುಡ್ಡೆಗೆ ಹಾಲು ತುಪ್ಪ ಬಿಡುವುದು ಊರಿನ ಪದ್ಧತಿ. ಗಂಡ ಈಶ್ವರಯ್ಯ ತೀರಿದಾಗ ಗಂಗಾಂಬಿಕೆಯೂ ಬಿಟ್ಟಿದ್ದಳು.

"ಬಾಯಿ ಮುಚ್ಕಂಡು ಓಗೇ" ಎಂದಳು. ಆದರೆ ಅಂದು ಬಕೆಟ್ಟು ಕೆರೆಗೂ ಹೋಗಲಿಲ್ಲ, ಮಣ್ಣಿಗೂ ಬೀಳಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಉಳಿಯಿತು. ಕತ್ತಲಾಗುವ ಮೊದಲೇ ಡೈರಿಯ ಮುಂದೆ, 'ಡಾಕ್ಟ್ರಮ್ಮನೇ ಯೋಳುದ್ಲಂತೆ, ಗಂಗಕ್ಕ ಕೆರೆಗೆ ಮದ್ದು ಹಾಕ್ತಾಳಂತೆ' ಎಂಬ ಮಾತು ಹುಟ್ಟಿತ್ತು.

ಮರುದಿನ ಗಂಗಾಂಬಿಕೆ ಹಸುಗಳನ್ನು ಜಯಲಕ್ಷ್ಮಮ್ಮನಿಗೇ ಒಪ್ಪಿಸಿ ಹಾಸನದ ಬಸ್ಸು ಹತ್ತಿದಳು. ಮಾತು ಹಬ್ಬಿಸಿದವಳು ಅವಳೇ ಎಂದು ಗೊತ್ತಿತ್ತು. ಹಾಲು ಕರೆಯುವ ಕೈ ಚೆನ್ನಾಗಿದೆ ಎಂದೂ ಗೊತ್ತಿತ್ತು.

ಸಿದ್ದೇಶ್ವರ ಜ್ವರದಲ್ಲಿದ್ದ. ಕಾಲಿನ ವಾಸನೆ ವಾರ್ಡಿನ ಬಾಗಿಲಿಗೇ ಬರುತ್ತಿತ್ತು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಕೀವು ಪರೀಕ್ಷೆ ಮಾಡ್ಸಿದ್ವಿ ಅಮ್ಮ. ಮಾಮೂಲಿ ಔಷಧಿ ಯಾವುದಕ್ಕೂ ಈ ಕ್ರಿಮಿ ಬಗ್ತಿಲ್ಲ. ಒಂದೇ ಒಂದು ಉಳಿದಿದೆ, ಅದನ್ನ ಹಾಕ್ತಾ ಇದ್ದೀವಿ. ನಾಳೆ ಬೆಳಿಗ್ಗೆ ಆಪರೇಷನ್. ಬೆರಳಿಗೇ ನಿಲ್ಲುತ್ತೋ, ಪಾದ ತೆಗೀಬೇಕಾಗುತ್ತೋ, ಬಿಚ್ಚಿ ನೋಡಿದ ಮೇಲೆ ಗೊತ್ತಾಗೋದು."

ಯಶಸ್ವಿನಿ ಗೋಡೆಗೆ ಮುಖ ತಿರುಗಿಸಿಕೊಂಡಳು. ಗಂಗಾಂಬಿಕೆ ಕೇಳಿದಳು: "ಅದು ಔಷಧಿಗೆ ಒಗ್ಗಿದ್ದು ಎಲ್ಲಿ ಸಾ? ನಮ್ಮ ಕೆರೇಲಾ?"

"ಅದನ್ನ ಹ್ಯಾಗಮ್ಮ ಹೇಳೋದು? ಕೆರೆ ಇರಬಹುದು. ಊರಿನ ಚರಂಡಿ, ಕೋಳಿ ಫಾರಂ, ಅರ್ಧಕ್ಕೇ ನಿಲ್ಸಿದ ಮಾತ್ರೆ, ನಮ್ಮ ಆಸ್ಪತ್ರೆಗಳ ನೀರು, ಯಾವುದಾದ್ರೂ ಇರಬಹುದು. ಇಂಥವರೇ ಮಾಡಿದ್ದು ಅಂತ ಬೆರಳು ತೋರಿಸೋಕ್ಕಾಗಲ್ಲ."

ಬೇರೆಯವರಾಗಿದ್ದರೆ ಈ ಮಾತನ್ನು ಹಿಡಿದು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಗಂಗಾಂಬಿಕೆಗೆ ಅದು ಸಾಧ್ಯವಾಗಲಿಲ್ಲ. ಬೆರಳು ತೋರಿಸಲಾಗದು ಎಂದರೆ ತಾನು ಅಲ್ಲ ಎಂದಾಗುವುದಿಲ್ಲ. ಹಸುಗಳಿಗಾಗಿ ಅಂದೇ ಹಿಂದಿರುಗುವ ಬಸ್ಸಿನಲ್ಲಿ ಅವಳು ಮದ್ದಿನ ಬಗ್ಗೆ ಚಿಕ್ಕಂದಿನಿಂದ ಕೇಳಿದ್ದನ್ನೆಲ್ಲ ನೆನೆದಳು. ಮದ್ದು ಒಂದೇ ಸಲಕ್ಕೆ ಕೊಲ್ಲುವುದಿಲ್ಲ, ಚೂರು ಚೂರಾಗಿ ಸೇರಬೇಕು. ತಿನ್ನುವವರಿಗೆ ರುಚಿ ತಿಳಿಯುವುದಿಲ್ಲ. ಹಾಕಿದವಳು ನೆರೆಹೊರೆಯಲ್ಲಿ ನಗುನಗುತ್ತಲೇ ಇರುತ್ತಾಳೆ. ಅಂಥ ಹೆಂಗಸು ನಿಜಕ್ಕೂ ಇದ್ದಾಳೆಂದು ಅವಳು ಎಂದೂ ಪೂರ್ತಿ ನಂಬಿದವಳಲ್ಲ. ಆದರೆ ಹಸುವಿನ ಡಾಕ್ಟರಮ್ಮ ಹೇಳಿದ ಲೆಕ್ಕ ಅದಕ್ಕೆ ಸರಿಯಾಗಿ ಕೂರುತ್ತಿತ್ತು. ಆ ಹುಡುಗಿ ಬೈದದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು.

ಹಾಲುತುಪ್ಪದ ಭಯ ಮಾತ್ರ ಹಾಗೇ ಇತ್ತು. ನಾಳೆ ಮಗನ ಆಪರೇಷನ್. ಇಂದು ಸಂಜೆ ಗುಂಡಿ ತೋಡಿ ಹಾಲು ಸುರಿಯಬೇಕು. ಆಪರೇಷನ್ ಮುಗಿಯುವವರೆಗೆ ಕಾಯಬಹುದಿತ್ತು. ಆದರೆ ಕೊಟ್ಟಿಗೆಗೆ ಹೋದರೆ ಮೂಲೆಯ ಬಕೆಟ್ಟು ಖಾಲಿ.

"ಹುಳಿ ನಾತ ಒಡೀತಿತ್ತು. ಕೆರೆಗೆ ಬಿಟ್ಬುಟ್ಟೆ ಕಣಕ್ಕ" ಎಂದಳು ಜಯಲಕ್ಷ್ಮಮ್ಮ, ಉಪಕಾರ ಮಾಡಿದವಳ ಹಾಗೆ. "ಇವತ್ತಿಂದೂ ಅಲ್ಲೈತೆ ನೋಡು. ನೀನೇ ಒಯ್ತೀಯೋ, ನಾನೇ ಓಗ್ಲಾ?"

ಗಂಗಾಂಬಿಕೆ ಗುದ್ದಲಿ ತೆಗೆದುಕೊಂಡಳು. ಮನೆಯ ಹಿಂದೆ, ಕೆರೆಗೆ ಬೆನ್ನು ಮಾಡಿದ ದಿಬ್ಬದ ಆ ಕಡೆ, ತೆಂಗಿನ ಸಾಲಿನಾಚೆ ಅಗೆಯತೊಡಗಿದಳು. ನೆಲ ಗಟ್ಟಿ. ಜಯಲಕ್ಷ್ಮಮ್ಮ ಹಿಂದೆಯೇ ಬಂದಳು.

"ಬ್ಯಾಡ ಕಣಕ್ಕ. ನಾಳೆ ಒಂದ್ ದಿನ ಕಳೀಲಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಊರೋರು ನಿನ್ನೇ ಅಂತಾರೆ."

"ಅನ್ಲಿ. ಕಟ್ಕಂಡ ಗಂಡನ್ನೇ ಮಣ್ಣಿಗೆ ಕೊಟ್ಟೋಳು ನಾನು. ಮಣ್ಣೇನು ತಿಪ್ಪೆ ಅಲ್ಲ."

"ನಿಂಗೆ ಭಯ ಆಗಾಕಿಲ್ವಾ?"

"ಆಗ್ತದೆ. ಭಯ ಆಗ್ತದೆ ಅಂತ ಕೆರೆಗೆ ಉಯ್ಯಕಾಗ್ತದಾ? ನೀನು ಸುಣ್ಣ ತತ್ತಾ ಓಗು."

ಹಾಲು ಸುರಿದಳು. ಕೆರೆಗೆ ಬಿಡುವಾಗ ಹೇಳುತ್ತಿದ್ದ ಮಾತು ಇಲ್ಲಿಗೆ ಹೊಂದುವುದಿಲ್ಲ. ಸುಣ್ಣ ಹಾಕಿ ಮಣ್ಣು ಎಳೆದಳು.

ಸಿದ್ದೇಶ್ವರನ ಎರಡು ಬೆರಳು ಹೋದವು, ಪಾದ ಉಳಿಯಿತು. ಊರಿನಲ್ಲಿ ಎರಡು ಪಕ್ಷವಾಯಿತು. ಮಣ್ಣಿಗೆ ಹಾಲು ಹೊಯ್ದದ್ದಕ್ಕೇ ಬೆರಳು ಹೋದವು ಎಂದು ಕೆಲವರು. ಕೆರೆಗೆ ಹಾಕುವುದನ್ನು ಬಿಟ್ಟದ್ದಕ್ಕೇ ಪಾದ ಉಳಿಯಿತು ಎಂದು ಉಳಿದವರು. ಎರಡಕ್ಕೂ ಆಧಾರವಿಲ್ಲ. ಪಾದ ಉಳಿಸಿದ್ದು ಸಮಯಕ್ಕೆ ಸಿಕ್ಕ ಆ ಒಂದು ಔಷಧಿ ಮತ್ತು ಡಾಕ್ಟರ ಕತ್ತಿ. ಕೆರೆ ಒಬ್ಬಳು ಹಾಲು ಸುರಿಯುವುದನ್ನು ನಿಲ್ಲಿಸಿದಳೆಂದು ಬೇಗ ಸರಿಹೋಗುವಂಥದ್ದಲ್ಲ. ಗಂಗಾಂಬಿಕೆ ಯಾವ ಪಕ್ಷಕ್ಕೂ ಸೇರಲಿಲ್ಲ. ಬೈಕಿನವನನ್ನು ಮಾತ್ರ ಅಂಗಳಕ್ಕೆ ಬರಗೊಡಲಿಲ್ಲ. ಸೂಜಿಗೆ ಮೊದಲು ಹಾಲು ಪರೀಕ್ಷೆಯಾಗಬೇಕು ಎಂದು ದೀಪಶ್ರೀಗೇ ಹೇಳಿಕಳಿಸುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಜಯಲಕ್ಷ್ಮಮ್ಮ ಬಟ್ಟೆ ಮುಚ್ಚಿದ ಬಕೆಟ್ಟು ಹಿಡಿದು ಹಿತ್ತಲಿಗೆ ಬಂದಳು. ಅವಳ ಹಸುವಿಗೂ ಬಾವು.

"ನಿನ್ನ ಗುಂಡೀಗೇ ಉಯ್ತೀನಕ್ಕ. ನಮ್ಮನೇಲಿ ಮೊಮ್ಮಗು ಅದೆ, ನಮ್ಮ ಹಿತ್ತಲಲ್ಲಿ ಬ್ಯಾಡ ಅಂತ."

"ಅಂದ್ರೆ ಅಪಶಕುನ ನಮ್ಮನೇಗಿರ್ಲಿ ಅಂತಲಾ?"

"ಅಯ್ಯೋ, ಅಂಗಲ್ಲ ಕಣಕ್ಕ... ನಿಂಗೆ ಹ್ಯಾಗೂ ಆಗೋಗೈತಲ್ಲ."

ಗಂಗಾಂಬಿಕೆ ಗೋಡೆಗೆ ಒರಗಿಸಿದ್ದ ಗುದ್ದಲಿ ತಂದು ಅವಳ ಕೈಗಿಟ್ಟಳು.

"ಉಯ್ಯಿ. ಮಣ್ಣು ಮಾತ್ರ ನೀನೇ ಎಳ್ಕೊ."