ಸಾಗವಾನಿ ನೆಲ ಕಿತ್ತ ಓಬಳೇಶ

ಬಿಳಿಚೋಡಿನಿಂದ ಬಂದು ಚನ್ನಗಿರಿಯಲ್ಲಿ ನೆಲೆ ನಿಂತ ಬಡಗಿ ಓಬಳೇಶನಿಗೆ ಸಿಟ್ಟು ಬಂದರೆ ಬೇಗ ಆರುವುದಿಲ್ಲ. ಅದು ತಪ್ಪು ಎನ್ನುವವರು ಅವನ ಜಾಗದಲ್ಲಿ ಒಮ್ಮೆ ನಿಂತು ನೋಡಲಿ.

ಹೋದ ವರ್ಷ ನಲ್ಲೂರಿನ ರೇಣುಕಪ್ರಸಾದ್ ತನ್ನ ಹೊಸ ಮನೆಯ ಹಾಲಿಗೆ ಓಬಳೇಶನ ಕೈಯಲ್ಲಿ ಸಾಗವಾನಿ ಹಲಗೆಯ ನೆಲ ಹಾಕಿಸಿದ. ಹಲಗೆಗಳನ್ನು ಅದೇ ಹಾಲಿನಲ್ಲಿ ವಾರಗಟ್ಟಲೆ ಪೇರಿಸಿಟ್ಟು, ಮನೆಯ ಹವೆಗೆ ಹೊಂದಿದ ಮೇಲೆಯೇ ಓಬಳೇಶ ಕೆಲಸಕ್ಕೆ ಕೈ ಹಚ್ಚಿದ್ದ. ಮೊಳೆ ಹೊಡೆಯುವ ಗನ್ನು ಹೊನ್ನಾಳಿಯಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಒಲ್ಲೆನೆಂದು, ಹಲಗೆಯ ಅಂಚಿನಲ್ಲಿ ಓರೆಯಾಗಿ, ತಲೆ ಕಾಣದಂತೆ, ಒಂದೊಂದೇ ಮೊಳೆಯನ್ನು ಸುತ್ತಿಗೆಯಲ್ಲಿ ಇಳಿಸಿದ. ಮರ ಹಿಗ್ಗಲೆಂದು ಗೋಡೆಯುದ್ದಕ್ಕೂ ಬೆರಳು ತೂರುವಷ್ಟು ಸಂದು ಬಿಟ್ಟ. ಹೊರಡುವಾಗ ಹೇಳಿದ್ದು ಒಂದೇ ಮಾತು: "ನೀರು ಸುರೀಬ್ಯಾಡ್ರಿ, ಹಿಂಡಿದ ಬಟ್ಟೆಯಾಗೆ ಒರೆಸ್ರಿ."

ದೀಪಾವಳಿ ಹೊತ್ತಿಗೆ ಹಲಗೆಗಳು ಉಬ್ಬಿ ಒಂಟೆ ಬೆನ್ನಾದವು. ರೇಣುಕಪ್ರಸಾದ್ ನೆಟ್ಟಗೆ ಚನ್ನಗಿರಿಯ ಕೊಟ್ರಬಸಪ್ಪನವರ ಸಾಮಿಲ್ಲಿಗೆ ಬಂದು, ಮರ ಕೊಳ್ಳಲು ನಿಂತವರೆದುರು, ಅಲ್ಲೇ ಮರ ಆರಿಸುತ್ತಿದ್ದ ಓಬಳೇಶನ ಕೊರಳಪಟ್ಟಿ ಹಿಡಿದ.

"ನನ್ ಒಣಗಿದ ಮರ ಮಾರ್ಕೊಂಡು ನನಗೆ ಹಸಿ ಮರ ಬಡಿದೀಯಲ್ಲೋ, ಕಳ್ಳ!"

"ಒಂದು ಹಲಗೆ ಎತ್ತಿ ನೋಡನ ಬರ್ರಿ."

"ನನ್ ಹೊಸ್ಲು ತುಳಿದ್ರೆ ಕಾಲು ಮುರಿತೀನಿ!"

ಅಂದಿನಿಂದ ನ್ಯಾಮತಿವರೆಗೂ ಓಬಳೇಶನಿಗೆ ಒಂದು ಕಿಟಕಿಯ ಕೆಲಸವೂ ಹುಟ್ಟಲಿಲ್ಲ. ಎಲ್ಲಿ ಹೋದರೂ ಕಳ್ಳ ಎಂಬ ಮಾತು ಅವನಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು.

ಈ ಬೇಸಿಗೆಯಲ್ಲಿ ರೇಣುಕಪ್ರಸಾದನ ಮಗಳಿಗೆ ನಿಶ್ಚಿತಾರ್ಥ ಗೊತ್ತಾಯಿತು. ಉಬ್ಬಿದ ನೆಲದ ಮೇಲೆ ಬೀಗರನ್ನು ಕೂರಿಸುವುದು ಹೇಗೆ? ಬೇರೆ ಬಡಗಿಗಳು, ಹಾಕಿದವನನ್ನೇ ಕರೆಯಿರಿ ಎಂದು ಜಾರಿಕೊಂಡರು. ಓಬಳೇಶನಿಗೆ ಫೋನು ಬಂತು.

"ಹೋಗಿ ಸುಮ್ನೆ ಹಾಕ್ಕೊಟ್ಟು ಬಾ," ಎಂದಳು ಹೆಂಡತಿ ಗಾದ್ರಮ್ಮ.

"ಹಾಕಾಕಲ್ಲ, ಕೀಳಾಕೆ ಹೊಂಟೀನಿ."

ಚೀಲಕ್ಕೆ ತುಂಬಿದ್ದು ಕೀಳುವ ಸಾಮಾನು ಮಾತ್ರ: ಚಪ್ಪಟೆ ಹಾರೆ, ಬೆಣೆ, ಬೆಣೆ ಹೊಡೆಯುವ ಮರದ ಕೊಡತಿ. ಮೊಳೆಯ ಡಬ್ಬಿ ಮನೆಯಲ್ಲೇ ಉಳಿಯಿತು.

ಗೋಡೆಯ ಪಕ್ಕದಿಂದ ಬೆಣೆ ತೂರಿಸಿ, ಹಲಗೆ ಸೀಳದಂತೆ ಮೆಲ್ಲಗೆ ಮೀಟಿದ. ಎದ್ದ ಹಲಗೆಯ ಅಂಚಿಗೂ ಅಡಿಮೈಗೂ ಸಗಣಿ ಒಣಗಿ ಹೆಪ್ಪುಗಟ್ಟಿತ್ತು. ಓಬಳೇಶ ಅದನ್ನು ಬೆಳಕಿಗೆ ಎತ್ತಿ ಹಿಡಿದ.

"ಇದೇನಮ್ಮಾ?" ಎಂದು ರೇಣುಕಪ್ರಸಾದನ ತಾಯಿ ನಿರ್ಮಲಮ್ಮನನ್ನು ಕೇಳಿದ.

"ಸಗಣಿ ಕಣಪ್ಪ. ಅಮಾಸಿ ದಿನ ಸಾರಿಸ್ದೆ ಇರಾಕೆ ಆಗ್ತದಾ? ಸಾರಿಸಿ, ಆಮ್ಯಾಕೆ ಕೊಡಗಟ್ಲೆ ನೀರು ಹಾಕಿ ತೊಳಿತಿದ್ದೆ. ಮರ ಆದ್ರೇನು, ನೆಲ ನೆಲಾನೇ."

ರೇಣುಕಪ್ರಸಾದ್ ತಾಯಿಯನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡಿದ. "ಆತು ಬಿಡೋ ಮಾರಾಯ. ಬೇಗ ಹಾಕು."

ಓಬಳೇಶ ಕೊನೆಯ ಹಲಗೆಯವರೆಗೂ ಕಿತ್ತು ಪೇರಿಸಿದ. ಹಾಲಿನಲ್ಲಿ ಹಲಗೆ ಹೊತ್ತಿದ್ದ ಅಡ್ಡಪಟ್ಟಿಗಳ ಎಲುಬಷ್ಟೇ ಉಳಿಯಿತು.

"ಕಳ್ಳ ಅಂದಿದ್ದು ಮಿಲ್‌ನಾಗೆ. ಅಲ್ಲೇ ಬಂದು ವಾಪಸ್ ತಗಳ್ರಿ. ಅಲ್ಲಿಗಂಟ ಒಂದು ಹಲಗೆ ಇಳಿಯಾಕಿಲ್ಲ."

"ನಾಳೆ ಬೀಗರು ಬರ್ತಾರಲ್ಲೋ!"

"ಬರ್ಲಿ. ಈ ಪಟ್ಟಿ ಮ್ಯಾಲೆ ಕೋಳಿ ಕುಂತಂಗೆ ಕುಂತ್ಕಳ್ತಾರೆ."

ಬೇರೆ ದಾರಿ ಕಾಣದೆ ರೇಣುಕಪ್ರಸಾದ್ ಅವತ್ತೇ ಅವನ ಹಿಂದೆ ಹೊರಟ. ಮಿಲ್ಲಿನಲ್ಲಿ ಜನ ಕಿಕ್ಕಿರಿಯುವ ಹೊತ್ತನ್ನೇ ಓಬಳೇಶ ಆರಿಸಿದ್ದ. ಸಗಣಿ ಮೆತ್ತಿದ ಹಲಗೆಯನ್ನು ಕೊಟ್ರಬಸಪ್ಪನವರ ಮುಂದಿಟ್ಟ. ರೇಣುಕಪ್ರಸಾದ್ ತಲೆ ತಗ್ಗಿಸಿ ಗೊಣಗಿದ: "ಇವನ ತಪ್ಪೇನಿಲ್ಲ. ಮರ ಒಣಗಿದ್ದೇ. ನಮ್ಮನೆಯವರೇ ನೀರು ಹಾಕಿದ್ರು."

ಗರಗಸದ ಸದ್ದಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಕೊಟ್ರಬಸಪ್ಪ ಮಷೀನು ನಿಲ್ಲಿಸಲು ಎದ್ದರು. ಓಬಳೇಶ ತೋಳು ಅಡ್ಡ ಚಾಚಿದ.

"ಓಡ್ಲಿ ಇರ್ರಿ ಯಜಮಾನ್ರೆ. ಕಳ್ಳ ಅಂದಾಗ್ಲೂ ಓಡ್ತಿತ್ತು, ಎಲ್ಲಾರಿಗೂ ಕೇಳಿಸ್ತು."

ರೇಣುಕಪ್ರಸಾದ್ ಕೊರಳ ನರ ಉಬ್ಬಿಸಿ ಕೂಗಿದ. ಓಬಳೇಶ ಇನ್ನೂ ಕೇಳಿಸಲಿಲ್ಲವೆಂಬಂತೆ ಕಿವಿಗೆ ಕೈ ಹಿಡಿದ. ರೇಣುಕಪ್ರಸಾದ್ ಮತ್ತೂ ಜೋರಾಗಿ ಕೂಗಿದ. ಆಚೆ ಲಾರಿಗೆ ದಿಮ್ಮಿ ಏರಿಸುತ್ತಿದ್ದವರು ಕೆಲಸ ಬಿಟ್ಟು ತಿರುಗಿ ನೋಡುವವರೆಗೂ ಓಬಳೇಶ ಆ ಕೈ ಇಳಿಸಲಿಲ್ಲ.