ಒಣಹಾಕಿದ ಮೆಣಸಿನಕಾಯಿ ಮೇಲೆ ನೀಲಿ ಬಣ್ಣ

ಬ್ಯಾಡಗಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕನನ್ನು ಕಂಡರೆ ನನಗೆ ಮೊದಲ ತಿಂಗಳಿನಿಂದಲೂ ಆಗುತ್ತಿರಲಿಲ್ಲ. ಮೆಣಸಿನಕಾಯಿ ವ್ಯಾಪಾರಿ. ಮುಂದಿನ ಭಾಗದಲ್ಲಿ ಅವನೂ ಅವನ ತಾಯಿಯೂ ಇದ್ದರು, ಹಿಂದಿನ ಎರಡು ಕೋಣೆಗಳಲ್ಲಿ ನಾನೂ ನನ್ನ ಹೆಂಡತಿಯೂ. ಅಂಗಳ ಮಾತ್ರ ಒಂದೇ. ನಾವು ನೀರು ಹಿಡಿಯುತ್ತಿದ್ದರೆ ಬಂದು ಮೋಟಾರು ಬಂದ್ ಮಾಡುತ್ತಿದ್ದ. ನಮ್ಮ ಮನೆಗೆ ನೆಂಟರು ಬಂದರೆ, ಎಷ್ಟು ದಿನ ಇರುತ್ತೀರೆಂದು ಅವರನ್ನೇ ಕೇಳುತ್ತಿದ್ದ.

ನನ್ನದೊಂದು ಹಳೆಯ ನೀಲಿ ಕಾರಿತ್ತು. ಹಾವೇರಿಯ ಕಚೇರಿಗೆ ದಿನಾ ಅದರಲ್ಲೇ ಓಡಾಟ. ಒಂದು ದಿನ ಬೆಳಿಗ್ಗೆ ಅವನು ತನ್ನ ಗೂಡ್ಸ್ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಅದರ ಹಿಂಬದಿಯ ಕಬ್ಬಿಣ ನನ್ನ ಕಾರಿನ ಬಾನೆಟ್ಟಿಗೆ ಬಡಿಯಿತು. ಸದ್ದು ಕೇಳಿ ನಾನು ಹಲ್ಲುಜ್ಜುತ್ತಲೇ ಹೊರಗೆ ಓಡಿದೆ. ಅಂಗೈಯಷ್ಟು ಜಾಗ ತಗ್ಗಾಗಿ ಬಣ್ಣ ಎದ್ದುಬಂದಿತ್ತು.

"ಏನ್ರಿ, ನೋಡಿ ತಗೊಳ್ಳಾಕ ಬರೂದಿಲ್ಲೇನು?" ಎಂದೆ.

ಅವನು ಇಳಿದು ಬಾನೆಟ್ ನೋಡಿದ. ಆಮೇಲೆ ನನ್ನ ಮುಖ ನೋಡಿದ. "ಅದು ಮೊದಲ ಇತ್ತಲ್ರಿ. ಹಳೇ ಗಾಡಿ, ಎಲ್ಲಿ ಬಡಿಸಿಕೊಂಡು ಬಂದೀರಿ ಯಾರಿಗೆ ಗೊತ್ತು?"

ಅಷ್ಟು ಹೇಳಿ ಗಾಡಿ ಹತ್ತಿ ಹೊರಟೇಹೋದ. ಬಾಯಲ್ಲಿ ಪೇಸ್ಟಿನ ನೊರೆ ತುಂಬಿಕೊಂಡು ನಾನು ಅಂಗಳದಲ್ಲಿ ನಿಂತಿದ್ದೆ.

ಗ್ಯಾರೇಜಿಗೆ ಕೊಡಬಹುದಿತ್ತು. ಆದರೆ ಅವನ ಕಣ್ಣೆದುರೇ, ಅವನ ಅಂಗಳದಲ್ಲೇ ಅದನ್ನು ಸರಿಮಾಡಿ ನಿಲ್ಲಿಸಬೇಕೆಂಬ ಹಟ ಹುಟ್ಟಿತು. ರಾಣೆಬೆನ್ನೂರಿಗೆ ಹೋದಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಹೊಡೆಯುವ ಅಗ್ಗದ ಗನ್ ಒಂದನ್ನು ಕೊಂಡೆ. ಕಂಪ್ರೆಸರ್ ಬೇಕಿಲ್ಲ, ಕರೆಂಟಿಗೆ ಹಚ್ಚಿ ಬೆರಳಿನಿಂದ ಗನ್ನಿನ ಕುದುರೆ ಒತ್ತಿದರೆ ಸಾಕು ಎಂದ ಅಂಗಡಿಯವನು. ಹಾವೇರಿಯಲ್ಲಿ ಕಾರಿಗೆ ಅಂಟಿಸಿದ್ದ ಚೀಟಿಯ ಮೇಲಿನ ಬಣ್ಣದ ನಂಬರು ತೋರಿಸಿ ಅದೇ ನೀಲಿಯನ್ನು ಕಲಸಿಸಿಕೊಂಡು ಬಂದೆ.

ಮೂರು ರವಿವಾರ ಅದರಲ್ಲೇ ಹೋದವು. ತಗ್ಗಿಗೆ ಪುಟ್ಟಿ ತುಂಬಿ, ನೀರು ಹಾಕುತ್ತ ಪಾಲಿಶ್ ಪೇಪರಿನಿಂದ ತಿಕ್ಕಿ, ಪ್ರೈಮರ್ ಹೊಡೆದೆ. ಗನ್ ಮೊದಮೊದಲು ಬಣ್ಣವನ್ನು ಉಗುಳುತ್ತಿತ್ತು, ರಟ್ಟಿನ ಮೇಲೆ ಹೊಡೆದು ನೋಡಿದರೆ ರಾಗಿಕಾಳಿನಂಥ ಹನಿಗಳು. ಥಿನ್ನರ್ ಹೆಚ್ಚು ಮಾಡಿ, ಬಣ್ಣವನ್ನು ತೆಳು ಬಟ್ಟೆಯಲ್ಲಿ ಸೋಸಿ, ಒಂದು ಗೇಣು ದೂರದಿಂದ ಕೈ ನಿಲ್ಲಿಸದೆ ಎಳೆಯುವುದನ್ನು ಕಲಿತೆ. ಮಾಲೀಕ ಹೋಗುವಾಗ ಬರುವಾಗ ನೋಡಿ ನಗುತ್ತಿದ್ದ. "ಸಾಹೇಬರು ನೌಕರಿ ಬಿಟ್ಟಂಗ ಕಾಣತೈತಿ" ಎಂದು ಒಮ್ಮೆ ಫೋನಿನಲ್ಲಿ ಯಾರಿಗೋ ನನಗೆ ಕೇಳುವಂತೆಯೇ ಹೇಳಿದ.

ನಾಲ್ಕನೆಯ ರವಿವಾರ ಬಣ್ಣ ಹೊಡೆಯುವ ದಿನ. ಕಾರಿನ ಗಾಜಿಗೂ ದೀಪಗಳಿಗೂ ಪೇಪರ್ ಅಂಟಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಿದ್ಧನಾದೆ. ಅಂಗಳದ ಆ ತುದಿಯಲ್ಲಿ ಮಾಲೀಕನ ತಾಯಿ ಹಳೆಯ ಸೀರೆಗಳನ್ನು ಹಾಸಿ ಮೆಣಸಿನಕಾಯಿ ಒಣಹಾಕಿದ್ದಳು. ಮಗ ಮಾರುವ ಮಾಲಲ್ಲ ಅದು. ವರ್ಷದ ಖಾರದಪುಡಿಗೆಂದು ಒಂದೊಂದನ್ನೂ ನೋಡಿ ಆರಿಸಿ, ತೊಟ್ಟು ಮುರಿದು ಹರವಿದ್ದು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು. "ರೀ, ಗಾಳಿ ಆ ಕಡೆಗೇ ಬೀಸಾಕತ್ತೈತಿ. ಅಮ್ಮಾರಿಗೆ ಹೇಳಿ ಕಾಯಿ ತಗಸ್ರಿ. ಇಲ್ಲಾ ನಾಳೆ ಹೊಡೀರಿ."

"ಅವ್ರ ಮಗ ನನ್ನ ಕೇಳಿ ಗಾಡಿ ಹಿಂದಕ್ಕ ತಗೊಂಡನೇನು?" ಎಂದು ಕುದುರೆ ಒತ್ತಿದೆ.

ಆ ಗನ್ನಿನಿಂದ ಬರುವ ಬಣ್ಣದಲ್ಲಿ ಎಷ್ಟೋ ಪಾಲು ತಗಡಿಗೆ ತಾಗದೆ ಮಂಜಿನಂತೆ ಗಾಳಿಯಲ್ಲೇ ಹೋಗುತ್ತಿತ್ತು. ಅದು ಎಲ್ಲಿಗೆ ಹೋಗುತ್ತಿದೆ ಎಂದು ನಾನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ. ಒಂದು ಕೋಟು, ಸ್ವಲ್ಪ ಆರಿದ ಮೇಲೆ ಇನ್ನೊಂದು. ಬಾನೆಟ್ ಕನ್ನಡಿಯಂತೆ ಹೊಳೆಯಿತು.

ಅಷ್ಟರಲ್ಲಿ ಮುದುಕಿ ಕಾಯಿ ತಿರುವಿಹಾಕಲು ಹೊರಗೆ ಬಂದಳು. ಬಗ್ಗಿ ಒಂದು ಹಿಡಿ ಎತ್ತಿದಳು, ಮೂಸಿದಳು, ಅಂಗೈ ನೋಡಿಕೊಂಡಳು. ಕೆಂಪು ಕಾಯಿಗಳ ಮೇಲೆಲ್ಲ ಸಣ್ಣ ನೀಲಿ ಚುಕ್ಕೆಗಳು.

"ಯಾವ ಕೈಲೆ ಮಾಡಿದ್ಯೋ ಇದನ್ನ?" ಎಂದು ಕೂಗಿದಳು. ಅದುವರೆಗೆ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವಳು.

"ಗಾಳಿ ಒಮ್ಮೆಲೇ ತಿರುಗಿತ್ರಿ ಅಮ್ಮಾರ, ಗೊತ್ತಾಗಲಿಲ್ಲ" ಎಂದೆ.

"ತಿರುಗಿಲ್ರಿ," ಎಂದಳು ನನ್ನ ಹೆಂಡತಿ, ಬಾಗಿಲಿನಿಂದ. "ಆವಾಗಿಂದ ಹಿಂಗ ಐತಿ. ನಾನು ಹೇಳಿದ್ದೆ."

ಮುದುಕಿ ಮೊರದ ತುಂಬ ಕಾಯಿ ತುಂಬಿಕೊಂಡು ನಡೆದುಬಂದು, ಆರದ ಬಾನೆಟ್ಟಿನ ಮೇಲೆ ಸುರಿದಳು. ತಿರುಗಿ ಹೋಗಿ ಇನ್ನೊಂದು ಮೊರ ತಂದಳು. ತಡೆಯಲು ನನ್ನ ಕೈ ಏಳಲಿಲ್ಲ. ಮೂರನೆಯ ಮೊರ ಸುರಿದ ಮೇಲೆ ಎರಡೂ ಕೈಯಿಂದ ಅವುಗಳನ್ನು ಬಣ್ಣಕ್ಕೆ ಒತ್ತಿ ತಿಕ್ಕಿದಳು. ಮೊಣಕೈವರೆಗೆ ನೀಲಿಯಾಗಿತ್ತು. "ಈಗ ತಿನ್ನು," ಎಂದು ಒಳಗೆ ಹೋದಳು.

ಮಧ್ಯಾಹ್ನ ಮಾಲೀಕ ಬಂದು ಅದನ್ನೆಲ್ಲ ನೋಡಿದ. ಜಗಳಕ್ಕೆ ನಾನು ಸಿದ್ಧನಾಗಿಯೇ ಕೂತಿದ್ದೆ. ಅವನು ಹೊಸ್ತಿಲ ಆಚೆಯೇ ನಿಂತು, "ಬ್ಯಾರೆ ಮನಿ ನೋಡ್ಕೊಳ್ರಿ. ಲಗೂನ" ಎಂದಷ್ಟೇ ಹೇಳಿದ.

ಆ ವಾರವೆಲ್ಲ ನಾನು ಕಚೇರಿಯಿಂದ ಬಂದು ಬಾನೆಟ್ ತಿಕ್ಕಿದೆ. ಬೀಜಗಳು ಬಣ್ಣದೊಳಗೆ ಸಿಕ್ಕಿ ಗಟ್ಟಿಯಾಗಿದ್ದವು. ನೀರು ಹಾಕಿ ತಿಕ್ಕಿದರೆ ಖಾರ ನೀರಿನೊಂದಿಗೆ ಬೆರಳ ಸಂದಿಗೆ ಇಳಿಯುತ್ತಿತ್ತು. ಕಣ್ಣು ಉರಿದು ಸೀನು ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದೆ. ಹೆಂಡತಿ ಒಂದು ದಿನವೂ ಹೊರಗೆ ಬರಲಿಲ್ಲ.

"ಅವ್ರ ಮುಂದ ನನ್ನ ಮಾನ ಕಳದಿ," ಎಂದೆ ಒಂದು ದಿನ ಊಟಕ್ಕೆ ಕೂತಾಗ.

"ನಾನು ಕಳದೆನೇನು?" ಎಂದು ತಾಟು ಎತ್ತಿಕೊಂಡು ಒಳಗೆ ಹೋದಳು. ನಾವಿಬ್ಬರೂ ಮತ್ತೆ ಸರಿಯಾಗಿ ಮಾತಾಡಲು ತಿಂಗಳೇ ಬೇಕಾಯಿತು.

ಹಾವೇರಿಯಲ್ಲಿ ಮನೆ ಸಿಕ್ಕಿತು. ಸಾಮಾನು ತುಂಬಿದ ದಿನ ನಾನು ಮುಂದಿನ ಬಾಗಿಲಿಗೆ ಹೋದೆ. ಮುದುಕಿ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಗೊತ್ತಿದ್ದೂ ಮಾಡಿದ್ನಿರಿ ಅಮ್ಮಾರ. ತಪ್ಪಾತ್ರಿ," ಎಂದೆ.

"ಗೊತ್ತೈತಿ," ಎಂದಳು, ತಲೆ ಎತ್ತದೆ. "ಸಾಮಾನಿನ ಗಾಡಿ ಹೊಂಟೈತಿ ನೋಡು, ನಡಿ."

ಅವಳ ಮಗ ಗೇಟು ಹಿಡಿದು ನಿಂತಿದ್ದ. ಅವನಿಗೆ ನಾನು ಏನೂ ಹೇಳಲಿಲ್ಲ. ಬಾನೆಟ್ ಬಡಿದವನು ಅವನೇ. ಅದನ್ನು ಅವನು ಇವತ್ತಿನವರೆಗೂ ಒಪ್ಪಿಕೊಂಡಿಲ್ಲ.