ತಿಪ್ಪೇಸ್ವಾಮಿಯವರ ಹತ್ತು ನಿಮಿಷ

ಹೃದಯದೊಳಗೆ ಗಡ್ಡೆ ಬೆಳೆಯುವುದು ಬಲು ಅಪರೂಪ. ಎದೆ ಸೀಳದೆಯೇ ಅಂಥ ಗಡ್ಡೆಯನ್ನು ಎಂ.ಆರ್.ಐ. ಯಂತ್ರದಲ್ಲಿ ಗುರುತಿಸುವ ವಿದ್ಯೆ ದೆಹಲಿಗೆ ಬಂದ ಆರಂಭದ ದಿನಗಳಲ್ಲೇ ಅದನ್ನು ಕೈವಶ ಮಾಡಿಕೊಂಡ ಬೆರಳೆಣಿಕೆಯ ತಂತ್ರಜ್ಞರಲ್ಲಿ, ಈ ತಿಂಗಳು ಸರ್ಕಾರಿ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀ ಎನ್. ತಿಪ್ಪೇಸ್ವಾಮಿಯವರೂ ಒಬ್ಬರು. ವರದಿಗೆ ಸಹಿ ಹಾಕುವವರು ವೈದ್ಯರು. ಪ್ರಬಂಧಗಳಲ್ಲಿ ಅಚ್ಚಾಗುವ ಹೆಸರೂ ವೈದ್ಯರದೇ. ಆದರೆ ಒಂದು ಗಳಿಗೆಯೂ ಸುಮ್ಮನಿರದ ಹೃದಯದ ಚಿತ್ರ ಕಲಸಿಹೋಗದಂತೆ, ರೋಗಿಯಿಂದ ಉಸಿರು ಹಿಡಿಸಿ, ಬಿಡಿಸಿ, ಪದರ ಪದರವಾಗಿ ತೆಗೆದುಕೊಟ್ಟ ಕೈ ತಿಪ್ಪೇಸ್ವಾಮಿಯವರದು.

ಈ ಅಭಿನಂದನ ಗ್ರಂಥದ ಬಹುಪಾಲು ಲೇಖನಗಳು ಅವರ ಗದರಿಕೆಯನ್ನು ನೆನೆದು ನಕ್ಕಿವೆ. ಆ ಗದರಿಕೆ ಎಲ್ಲಿಂದ ಬಂತೆಂಬುದು ನಗುವ ವಿಷಯವಲ್ಲ. ಅದನ್ನು ಬರೆಯಲು ಅವರೂ, ಅವರ ಗೆಳೆಯರ ಪತ್ನಿ ಶಾರದಮ್ಮನವರೂ ಒಪ್ಪಿಗೆ ಕೊಟ್ಟಿದ್ದಾರೆ.

ಚಳ್ಳಕೆರೆ ಸೀಮೆಯ ತಿಪ್ಪೇಸ್ವಾಮಿಯವರು ಎಕ್ಸ್‌ರೇ ತರಬೇತಿ ಮುಗಿಸಿ ದೆಹಲಿಯ ರೈಲು ಹತ್ತಿದ್ದು ೧೯೭೪ರಲ್ಲಿ. ಕರೋಲ್‌ಬಾಗಿನ ಒಂದು ತಾರಸಿ ಕೋಣೆಯಲ್ಲಿ ಅವರಿಗೆ ಜೊತೆಯಾದವರು ಸಚಿವಾಲಯದ ಗುಮಾಸ್ತ ಸೂರ್ಯನಾರಾಯಣರು. ಇವರು ಸಾರು ಮಾಡುವುದು, ಅವರು ಪಾತ್ರೆ ತೊಳೆಯುವುದು ಎಂದು ಒಪ್ಪಂದವಾಗಿತ್ತು. ತಿಪ್ಪೇಸ್ವಾಮಿಯವರ ಸಾರನ್ನು ಒಮ್ಮೆ ಉಂಡ ಮೇಲೆ ಒಪ್ಪಂದ ಅದಲುಬದಲಾಯಿತಂತೆ. ಮುಂದೆ ಇಬ್ಬರಿಗೂ ಮದುವೆಯಾಗಿ, ತಿಪ್ಪೇಸ್ವಾಮಿಯವರು ಆರ್.ಕೆ.ಪುರಂನ ಕ್ವಾರ್ಟರ್ಸಿಗೂ ಸೂರ್ಯನಾರಾಯಣರು ಜನಕಪುರಿಗೂ ಹೋದರು. ಆದರೂ ಭಾನುವಾರದ ಊಟ ಮಾತ್ರ ಬಹುಕಾಲ ಒಂದೇ ಮನೆಯಲ್ಲಿ ನಡೆಯಿತು.

೨೦೦೧ರಲ್ಲಿ ನಮ್ಮ ಆಸ್ಪತ್ರೆಗೆ ಹೃದಯ ನೋಡಬಲ್ಲ ಯಂತ್ರ ಬಂದಾಗ ತಿಪ್ಪೇಸ್ವಾಮಿಯವರು ಮೊದಲು ತಾವೇ ಅದರೊಳಗೆ ಮಲಗಿ ನೋಡಿದರು. ಕಿರಿದಾದ ಕೊಳವೆ, ಕಿವಿಗಡಚಿಕ್ಕುವ ಸದ್ದು, ಮುಕ್ಕಾಲು ಗಂಟೆ. ಅಲ್ಲಿ ಮನುಷ್ಯನಿಗೆ ಹೇಗಾಗುತ್ತದೆಂದು ತಿಳಿದಿದ್ದರಿಂದಲೇ ಅವರು ರೋಗಿಗಳನ್ನು ಮಕ್ಕಳಂತೆ ನೋಡಿಕೊಂಡರು. ಹಿಂದಿ, ಪಂಜಾಬಿ, ಕನ್ನಡ, ಯಾರಿಗೆ ಯಾವ ಭಾಷೆಯೋ ಆ ಭಾಷೆಯಲ್ಲಿ ಉಸಿರು ಎಣಿಸಿದರು. ಯಾರಾದರೂ ತಡೆಯಲಾರೆ ಎಂದರೆ ತಕ್ಷಣ ಹೊರಗೆಳೆದು ಬೆನ್ನು ಸವರಿದರು.

೨೦೦೩ರ ಮಾರ್ಚಿನಲ್ಲಿ ಆ ಕೊಳವೆಯೊಳಗೆ ಮಲಗಿದವರು ಸೂರ್ಯನಾರಾಯಣರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು; ಹೃದಯದ ಬಲಗೋಣೆಯಲ್ಲಿ ಏನೋ ಒಂದು ಇದೆಯೆಂದು ಎಕೋ ಪರೀಕ್ಷೆ ಹೇಳಿತ್ತು. ಅದು ಹೆಪ್ಪುಗಟ್ಟಿದ ರಕ್ತವೋ ಗಡ್ಡೆಯೋ ತಿಳಿಯಬೇಕಿತ್ತು. ಅದಕ್ಕೆ ನರದೊಳಗೆ ಔಷಧಿ ಬಿಟ್ಟು ಹತ್ತು ನಿಮಿಷ ಕಾದು ಕೊನೆಯ ಚಿತ್ರಗಳನ್ನು ತೆಗೆಯಬೇಕು. ಗಡ್ಡೆಯಾದರೆ ಔಷಧಿಯನ್ನು ಹೀರಿ ಬೆಳ್ಳಗೆ ಕಾಣುತ್ತದೆ. ಹೆಪ್ಪಾದರೆ ಕಪ್ಪಾಗಿಯೇ ಉಳಿಯುತ್ತದೆ. ಔಷಧಿ ಹೋಯಿತು. ಎರಡು ನಿಮಿಷ ಕಳೆಯುವಷ್ಟರಲ್ಲಿ ಒಳಗಿನಿಂದ ಕನ್ನಡದಲ್ಲಿ ಕೂಗು ಕೇಳಿತು.

"ಲೋ ತಿಪ್ಪೇಶ, ಸಾಕು ಕಣೋ! ಉಸಿರು ಕಟ್ತಾ ಇದೆ, ಹೊರಗೆ ತೆಗೆಯೋ!"

ಬೇರೆ ಯಾರಾದರೂ ಆಗಿದ್ದರೆ ಹೊರಗೆಳೆದು ಸಮಾಧಾನ ಹೇಳಿ ಮತ್ತೆ ಒಳಗೆ ಕಳಿಸುತ್ತಿದ್ದರೋ ಏನೋ. ತಾರಸಿ ಕೋಣೆಯ ಗೆಳೆಯ ಬೆವೆತು ಗೋಗರೆಯುವಾಗ ಅವರ ಮನಸ್ಸು ತಡೆಯಲಿಲ್ಲ. ಹೊರಗೆ ತೆಗೆದರು, ಚಹಾ ತರಿಸಿದರು. "ಆಯ್ತು ಬಿಡೋ, ಇದ್ದಷ್ಟು ಚಿತ್ರ ಸಾಕು" ಎಂದರು. ನಮೂನೆಯಲ್ಲಿ ಎಲ್ಲ ತಂತ್ರಜ್ಞರೂ ಬರೆಯುವ ವಾಡಿಕೆಯ ಸಾಲನ್ನೇ ಬರೆದರು: ರೋಗಿ ಸಹಕರಿಸಲಿಲ್ಲ.

ಇದ್ದ ಮಸುಕು ಚಿತ್ರಗಳನ್ನು ನೋಡಿದ ಕರ್ತವ್ಯದ ವೈದ್ಯರು ಬಹುಶಃ ಹೆಪ್ಪು ಎಂದರು. ರಕ್ತ ತೆಳುವಾಗುವ ಮಾತ್ರೆ ಶುರುವಾಯಿತು. ಮತ್ತೆ ಆ ಕೊಳವೆಗೆ ಹೋಗಲು ಸೂರ್ಯನಾರಾಯಣರು ಇವತ್ತು ನಾಳೆ ಎಂದು ಮುಂದೂಡಿದರು. ಜುಲೈನಲ್ಲಿ ಕೆಮ್ಮಿದಾಗ ರಕ್ತ ಬಿತ್ತು. ಅದು ಗಡ್ಡೆಯೇ ಆಗಿತ್ತು, ಕೆಟ್ಟ ಜಾತಿಯದು, ಶ್ವಾಸಕೋಶಕ್ಕೂ ಹಬ್ಬಿತ್ತು. ದಸರೆಗೆ ಮೊದಲೇ ಅವರು ತೀರಿಕೊಂಡರು.

ವಿಭಾಗದ ಮುಖ್ಯಸ್ಥೆ ಡಾ. ವೈಜಯಂತಿಯವರು ತಿಪ್ಪೇಸ್ವಾಮಿಯವರನ್ನು ಕರೆದು ಕೂರಿಸಿ ಸಮಾಧಾನ ಹೇಳಿದರು. "ನಾಲ್ಕು ತಿಂಗಳು ಮುಂಚೆ ಗೊತ್ತಾಗಿದ್ರೂ ಈ ಗಡ್ಡೆಗೆ ಹೆಚ್ಚೇನೂ ಮಾಡೋಕಾಗ್ತಿರ್ಲಿಲ್ಲ."

"ಹೆಚ್ಚೇನೂ ಅಂದ್ರಿ, ಮೇಡಂ. ಸ್ವಲ್ಪ ಏನಾದ್ರೂ?"

ವೈಜಯಂತಿಯವರು ಸುಳ್ಳು ಹೇಳುವವರಲ್ಲ. ಮೇಜಿನ ಮೇಲಿದ್ದ ಚಿತ್ರಗಳನ್ನು ಲಕೋಟೆಗೆ ಸೇರಿಸಿದರು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ತಿಪ್ಪೇಸ್ವಾಮಿಯವರು ಜನಕಪುರಿಗೆ ಹೋಗಿ, ಸೂರ್ಯನಾರಾಯಣರ ಪತ್ನಿ ಶಾರದಮ್ಮನವರೆದುರು ಎಲ್ಲವನ್ನೂ ಬಿಚ್ಚಿ ಹೇಳಿದರು. ಯಾರೂ ಕೇಳಿರಲಿಲ್ಲ, ಹೇಳದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಶಾರದಮ್ಮನವರು ಪೂರ್ತಿ ಕೇಳಿಸಿಕೊಂಡರು.

"ಹತ್ತು ನಿಮಿಷ ಅಷ್ಟೇನಾ?" ಎಂದರು. ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಐದು ವರ್ಷ ಆ ಮನೆಗೂ ಈ ಮನೆಗೂ ಹೋಗುಬರುವುದು ನಿಂತಿತು.

ನಾವು ಕಂಡ ಗಡಸು ತಿಪ್ಪೇಸ್ವಾಮಿಯವರು ಅಲ್ಲಿಂದೀಚಿನವರು. ಅಳುವವರನ್ನು ಹೊರಗೆ ತೆಗೆದು ನೀರು ಕೊಟ್ಟರು, ಗದರಿದರು, ಒಪ್ಪಿಸಿ ಮತ್ತೆ ಮಲಗಿಸಿದರು. ಕೊನೆಯ ಚಿತ್ರ ಸಿಗದೆ ಯಾರನ್ನೂ ಮನೆಗೆ ಕಳಿಸಲಿಲ್ಲ. 'ಸಹಕರಿಸಲಿಲ್ಲ' ಎಂಬ ಸಾಲನ್ನು ಮತ್ತೆಂದೂ ಬರೆಯಲಿಲ್ಲ. ಮುಖರ್ಜಿ ನಗರದಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದ ಹಂಸಿನಿ ಎಂಬ ಹುಡುಗಿ "ಇವ್ರು ಅಂಕಲ್ ಅಲ್ಲ, ಜೈಲರ್" ಎಂದು ಅತ್ತಿದ್ದಳು. ಬೇರೆ ಆಸ್ಪತ್ರೆಯಲ್ಲಿ ಹೆಪ್ಪೆಂದು ಹೇಳಿ ಕಳಿಸಿದ್ದು ಇವರ ಮೂರನೆಯ ಪ್ರಯತ್ನದಲ್ಲಿ ಗಡ್ಡೆಯೆಂದು ಸಿಕ್ಕಿಬಿತ್ತು. ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷದ ಪರೀಕ್ಷೆ ಕೈತಪ್ಪಿತು, ಹುಡುಗಿ ಉಳಿದಳು. ನಾವು ಸಂತೋಷಪಟ್ಟೆವು; ತಿಪ್ಪೇಸ್ವಾಮಿಯವರು ಮಾತ್ರ ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕೂತಿದ್ದರು.

೨೦೦೮ರಲ್ಲಿ ಒಂದು ಬೆಳಿಗ್ಗೆ ಪಟ್ಟಿಯಲ್ಲಿ ಶಾರದಮ್ಮನವರ ಹೆಸರಿತ್ತು. ಮಂಡಿಯ ಶಸ್ತ್ರಚಿಕಿತ್ಸೆಗೆ ಮುಂಚೆ ಮಾಡಿದ ಎಕೋದಲ್ಲಿ, ಬಲಗೋಣೆಯಲ್ಲೇ ಏನೋ ಕಂಡಿತ್ತು. ಮಗ ಮನೋಜ್ ಕೈ ಹಿಡಿದು ಕರೆತಂದಿದ್ದ.

"ಅಂಕಲ್, ಅಮ್ಮ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಬಹುತ್ ಹೆದರಿದ್ದಾರೆ."

ತಿಪ್ಪೇಸ್ವಾಮಿಯವರು ಪಟ್ಟಿಯನ್ನು ಕೆಳಗಿಟ್ಟರು. ಬೇರೆ ತಂತ್ರಜ್ಞರನ್ನು ಕರೆಯುತ್ತೇನೆ ಅತ್ತಿಗೆ ಎಂದರು.

"ಬೇಡ, ನೀವೇ ಮಾಡಿ" ಎಂದರು ಶಾರದಮ್ಮ. "ಒಳಗೆ ಹೋದ್ಮೇಲೆ ನಾನು ಸಾಕು ಅಂತೀನಿ. ಅಂದ್ರೂ ಕೇಳ್ಬೇಡಿ."

ಔಷಧಿ ಹೋದ ನಾಲ್ಕನೆಯ ನಿಮಿಷಕ್ಕೆ ಅವರು ಸಾಕು ಎಂದರು. ಮತ್ತೆ ಮತ್ತೆ ಎಂದರು. ತಿಪ್ಪೇಸ್ವಾಮಿಯವರು ಪರದೆಯ ಮುಂದೆ ಸಹಾಯಕಿಯನ್ನು ಕೂರಿಸಿ ತಾವು ಒಳಗೆ ಹೋದರು. ಕೊಳವೆಯಿಂದ ಹೊರಗಿದ್ದ ಶಾರದಮ್ಮನವರ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು, "ಇನ್ನು ಸ್ವಲ್ಪ ಅತ್ತಿಗೆ, ಇನ್ನು ಸ್ವಲ್ಪ" ಎನ್ನುತ್ತ ಕೊನೆಯ ಚಿತ್ರ ಮುಗಿಯುವವರೆಗೂ ನಿಂತರು. ಅವರ ಕೆನ್ನೆ ಒದ್ದೆಯಾಗಿದ್ದನ್ನು ಗಾಜಿನ ಈಚೆಯಿಂದ ಎಲ್ಲರೂ ಕಂಡರು.

ಚಿತ್ರ ಸ್ಪಷ್ಟವಾಗಿ ಬಂತು. ಗಡ್ಡೆಯಲ್ಲ, ಹೆಪ್ಪೂ ಅಲ್ಲ; ಹೃದಯದ ಗೋಡೆಯಲ್ಲಿ ಹುಟ್ಟಿನಿಂದಲೇ ಇರುವ ಮಡಿಕೆಯೊಂದು ಕೊಂಚ ದಪ್ಪವಾಗಿತ್ತು, ಅಷ್ಟೇ. ವೈಜಯಂತಿಯವರೇ ಬಂದು ಭಯವಿಲ್ಲ ಎಂದು ತಿಳಿಸಿದರು. ಮನೋಜ್ ಗೋಡೆಗೊರಗಿ ಕಣ್ಣು ಮುಚ್ಚಿದ. ಶಾರದಮ್ಮನವರು ಸೆರಗು ಸರಿಮಾಡಿಕೊಂಡು, ತಿಪ್ಪೇಸ್ವಾಮಿಯವರ ಮುಖವನ್ನು ನೇರವಾಗಿ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇಷ್ಟನ್ನ ಅವರೂ ತಡ್ಕೊಳ್ತಿದ್ರು" ಎಂದರು.

ತಿಪ್ಪೇಸ್ವಾಮಿಯವರು ಹೌದೆಂದು ತಲೆಯಾಡಿಸಿದರು.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಹೊಸ ತಂತ್ರಜ್ಞರಿಗೆ ಕಲಿಸಲು ಅವರು ಒಪ್ಪಿರುವುದು ನಮ್ಮ ಭಾಗ್ಯ. ಅವರ ಕಣ್ಣು ಮಸುಕಾಗದಿರಲಿ, ಕೈ ನಡುಗದಿರಲಿ, ಅವರ ಗದರಿಕೆ ಇನ್ನೂ ಹಲವು ದಶಕ ಈ ಕೋಣೆಯಲ್ಲಿ ಕೇಳುತ್ತಿರಲಿ. ಆಯುಷ್ಯವನ್ನೂ ಆರೋಗ್ಯವನ್ನೂ ನಾವು ಮನಸಾರೆ ಹಾರೈಸಬಲ್ಲೆವು. ನೆಮ್ಮದಿಯನ್ನು ಹಾರೈಸುವ ಅಧಿಕಾರ ಮಾತ್ರ ಶಾರದಮ್ಮನವರೊಬ್ಬರದು.